ಟರ್ಕಿಯ ಜಿನ್ ಸಿನಿಮಾ ನೋಡೋದು ಹೇಗೆ: ದಬ್ಬೆ ಸರಣಿಯಿಂದ ಶುರು ಮಾಡೋರಿಗೆ

ಹಾರರ್ ಪ್ರಿಯರು ಮಾಡೋ ಲಿಸ್ಟ್‌ಗಳಲ್ಲಿ ದಬ್ಬೆ ಅನ್ನೋ ಹೆಸರು ಪದೇ ಪದೇ ಬರ್ತಾ ಇರತ್ತೆ. ಟರ್ಕಿ ಸಿನಿಮಾ, ಜಿನ್ (ಇಸ್ಲಾಮಿನ ನಂಬಿಕೇಲಿ ಬರೋ, ಕಣ್ಣಿಗೆ ಕಾಣದ ಜೀವಿ) ಕಥೆ, ಅಲುಗಾಡೋ ಕ್ಯಾಮೆರಾ, ಆಮೇಲೆ ಯಾರಿಗೋ ಸಿಕ್ಕ ಫುಟೇಜ್, ಅಂದ್ರೆ ಫೌಂಡ್ ಫುಟೇಜ್ ಅನ್ನೋ ಥರದ್ದು. ಸುಮಾರು ಜನ ಇದನ್ನ ಹಾಕ್ಕೊಂಡು ಅರ್ಧ ಗಂಟೆ ನೋಡಿ ಏನೂ ಆಗ್ತಾನೇ ಇಲ್ವಲ್ಲಪ್ಪ ಅಂತ ಬಿಟ್ಟುಬಿಡ್ತಾರೆ. ಆದ್ರೆ ಆ ಅರ್ಧ ಗಂಟೇಲಿ ಬೇಕಾದಷ್ಟು ಆಗಿರತ್ತೆ. ಯಾರೋ ಒಬ್ಬರು ಬಿಸ್ಮಿಲ್ಲಾ (ದೇವರ ಹೆಸರಲ್ಲಿ) ಅನ್ನದೇ ಬಿಸಿನೀರು ಚೆಲ್ಲಿರ್ತಾರೆ, ಯಾರದೋ ದಿಂಬಿನ ಕೆಳಗೆ ಗಂಟು ಹಾಕಿದ ದಾರ ಕಂಡಿರತ್ತೆ, ಇನ್ಯಾರೋ ಸಂಜೆ ಹೊತ್ತಲ್ಲಿ ಹಾಳುಮನೆ ಕಡೆ ಹೋಗಿರ್ತಾರೆ. ಇಂಥದ್ದೆಲ್ಲ ಟರ್ಕಿ ಹಳ್ಳಿಗಳಲ್ಲಿ ಅಜ್ಜಿಯಂದಿರ ಬಾಯಲ್ಲಿ ಕೇಳ್ಕೊಂಡು ಬೆಳೆದವರಿಗೆ ಆಗಲೇ ಮೈ ಜುಂ ಅಂದಿರತ್ತೆ, ನಾವು ಮಾತ್ರ ಬಿಳಿ ಸೀರೆ ಥರದ್ದು ಏನಾದ್ರೂ ಬರತ್ತಾ ಅಂತ ಕಾಯ್ತಾ ಕೂತಿರ್ತೀವಿ. ಅದಕ್ಕೇ ಈ ಸಿನಿಮಾಗಳನ್ನ ನೋಡೋಕೆ ಮುಂಚೆ ಆ ನಂಬಿಕೆಗಳ ಲೆಕ್ಕಾಚಾರ ಸ್ವಲ್ಪ ತಿಳ್ಕೊಂಡಿರಬೇಕು, ಅದು ತಿಳಿದ್ರೆ ಭಯ ತಾನಾಗೇ ಬರತ್ತೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಯಾವುದು ನೋಡ್ಬೇಕು ಅಂತ ಹೇಳಿಬಿಡ್ತೀನಿ. ಈ ಸರಣಿ ಮಾಡಿದ್ದು ಹಸನ್ ಕರಾಜದಾ. ಮೊದಲನೇ ಸಿನಿಮಾ ಬಂದಿದ್ದು 2006ರಲ್ಲಿ, ಆದ್ರೆ ಅಲ್ಲಿಂದ ಶುರು ಮಾಡ್ಬೇಡಿ. ಅದು ಇಂಟರ್‌ನೆಟ್ ಮೂಲಕ ಹರಡೋ ಸಾವುಗಳ ಕಥೆ, ಜಪಾನಿ ಹಾರರ್ ಪ್ರಭಾವ ಎದ್ದು ಕಾಣತ್ತೆ, ಹ್ಯಾಂಡ್ ಕ್ಯಾಮೆರಾ ಫುಟೇಜ್ ಸ್ಟೈಲ್ ಅಲ್ಲಿಲ್ಲ. ಆ ಸ್ಟೈಲ್ ಪೂರ್ತಿ ಬಂದಿದ್ದು 2012ರ ಬಿರ್ ಜಿನ್ ವಕಾಸಿ ಅನ್ನೋದ್ರಲ್ಲಿ, ಗಟ್ಟಿಯಾಗಿ ಕೂತಿದ್ದು 2013ರ ಜಿನ್ ಚಾರ್ಪ್‌ಮಸಿಯಲ್ಲಿ. ನೀವು ಈ 2013ರದ್ದರಿಂದಲೇ ಶುರು ಮಾಡಿ. ನಮ್ಮಲ್ಲಿ ಟ್ರೆಕ್ಕಿಂಗ್ ಹೋದ ಹುಡುಗರ ಕ್ಯಾಮೆರಾ ಸಿಕ್ತು ಅನ್ನೋ ಕಥೆ ಇಟ್ಕೊಂಡು ಸಿಕ್ಸ್ ಮೈನಸ್ ಫೈವ್ ಈಕ್ವಲ್ ಟು ಟು ಬಂದಿದ್ದೂ ಅದೇ ವರ್ಷ, ಆಗ ಅದನ್ನ ಥಿಯೇಟರಲ್ಲಿ ನೋಡಿದವರಿಗೆ ಈ ಫಾರ್ಮ್ಯಾಟ್ ಹೊಸದೇನೂ ಅನ್ಸಲ್ಲ. ಕಥೆಗಳು ಒಂದಕ್ಕೊಂದು ಕೊಂಡಿ ಹಾಕ್ಕೊಂಡಿಲ್ಲ, ಹಾಗಾಗಿ ನಡುವಿಂದ ಶುರು ಮಾಡಿದ್ರೂ ತೊಂದ್ರೆ ಇಲ್ಲ.

ಹುಡುಕೋವಾಗ ಒಂದು ವಿಷ್ಯ ಗಮನದಲ್ಲಿರಲಿ. ಟರ್ಕಿಶ್‌ನಲ್ಲಿ ಸಿ ಅಕ್ಷರಕ್ಕೆ ಜ ಉಚ್ಚಾರ, ಆದ್ರಿಂದ ಜಿನ್ ಅನ್ನೋದನ್ನ ಅವರು ಸಿ ಐ ಎನ್ ಅಂತ ಬರೀತಾರೆ, ಜೆ ಹಾಕಿ ಹುಡುಕಿದ್ರೆ ಸಿಗಲ್ಲ. ಇಂಗ್ಲಿಷ್ ಹೆಸರಲ್ಲಿ ಹುಡುಕಿದ್ರಂತೂ ಅದೇ ಹೆಸರಿನ ಹಾಲಿವುಡ್ ಸಿನಿಮಾಗಳೇ ಬರ್ತವೆ. ಡಬ್ಬಿಂಗ್ ಸಿಕ್ಕರೂ ಬೇಡ, ಟರ್ಕಿಶ್ ಆಡಿಯೋ ಇಟ್ಕೊಂಡು ಸಬ್‌ಟೈಟಲ್ ಹಾಕ್ಕೊಳ್ಳಿ, ಯಾಕಂದ್ರೆ ದುವಾ, ಅಂದ್ರೆ ಪ್ರಾರ್ಥನೆ, ಓದೋ ಜಾಗಗಳಲ್ಲಿ ದನಿ ಬದಲಾಗೋದು, ಓದ್ತಾ ಓದ್ತಾ ತಡವರಿಸೋದು, ಅರ್ಧಕ್ಕೆ ನಿಲ್ಲಿಸೋದು ಇದೆಲ್ಲ ಕಥೆಯ ಭಾಗ, ಡಬ್ಬಿಂಗಲ್ಲಿ ಅದು ಹೊರಟೇ ಹೋಗತ್ತೆ.

ಸರಿ, ಈಗ ಜಿನ್ ವಿಷ್ಯಕ್ಕೆ ಬರೋಣ, ಇದನ್ನ ಸ್ವಲ್ಪ ನಿಧಾನಕ್ಕೆ ಓದಿ.

ಮೊದಲನೇದಾಗಿ ಜಿನ್ ಅಂದ್ರೆ ಸತ್ತವರ ದೆವ್ವ ಅಲ್ಲ. ನಾವು ದೆವ್ವ ಅಂದ ತಕ್ಷಣ ಯಾರು ಸತ್ತಿದ್ದು, ಯಾಕೆ ಸತ್ತಿದ್ದು, ಆಸೆ ಏನು ಉಳಿದಿದೆ ಅಂತ ಹುಡುಕೋಕೆ ಶುರು ಮಾಡ್ತೀವಿ, ಈ ಸಿನಿಮಾಗಳಲ್ಲಿ ಆ ದಾರಿ ಹಿಡಿದ್ರೆ ಎಲ್ಲಿಗೂ ಹೋಗಲ್ಲ. ಇಸ್ಲಾಮಿನ ನಂಬಿಕೆ ಪ್ರಕಾರ ಮನುಷ್ಯನ್ನ ಮಣ್ಣಿಂದ, ಮಲಕ್‌ಗಳನ್ನ (ದೇವದೂತರನ್ನ) ಬೆಳಕಿಂದ, ಜಿನ್‌ಗಳನ್ನ ಹೊಗೆಯಿಲ್ಲದ ಬೆಂಕಿಯಿಂದ ಸೃಷ್ಟಿ ಮಾಡಿದ್ದು. ಅವು ನಮ್ಮ ಪಕ್ಕದಲ್ಲೇ ಬದುಕೋ ಇನ್ನೊಂದು ಸಮುದಾಯ. ಮದ್ವೆ ಆಗ್ತಾರೆ, ಮಕ್ಕಳಾಗತ್ತೆ, ತಿಂತಾರೆ, ಸಾಯ್ತಾರೆ, ಒಳ್ಳೇದು ಕೆಟ್ಟದ್ದರ ಆಯ್ಕೆ ಅವರಿಗೂ ಇದೆ. ಕುರ್‌ಆನಿನ 72ನೇ ಸೂರಾಗೆ, ಅಂದ್ರೆ ಅಧ್ಯಾಯಕ್ಕೆ, ಹೆಸರೇ ಅಲ್ ಜಿನ್ನ್, ಅದು ಶುರುವಾಗೋದೇ ಜಿನ್‌ಗಳ ಒಂದು ಗುಂಪು ಕುರ್‌ಆನ್ ಕೇಳಿ ಬೆರಗಾಗಿ ನಂಬಿಕೆ ತಂದ್ಕೊಂಡ ಪ್ರಸಂಗದಿಂದ. ಅಂದ್ರೆ ಎಲ್ಲಾ ಜಿನ್ ಕೆಟ್ಟವಲ್ಲ. ದೆಹಲಿಯ ಫಿರೋಜ್ ಷಾ ಕೋಟ್ಲಾಗೆ ಹೋದ್ರೆ ಗುರುವಾರ ಗುರುವಾರ ಜನ ಜಿನ್‌ಗಳಿಗೆ ಅರ್ಜಿ ಬರೆದು ಗೋಡೆ ಸಂದಿಲಿ ಇಟ್ಟು ಬರೋದು ಇವತ್ತಿಗೂ ಕಾಣ್ಸತ್ತೆ, ಅಲ್ಲಿ ಬರೋರಲ್ಲಿ ಎಲ್ಲಾ ಧರ್ಮದವರೂ ಇರ್ತಾರೆ.

ಸಿನಿಮಾ ನೋಡೋವಾಗ ಇದರಿಂದ ಏನು ಉಪಯೋಗ ಅಂದ್ರೆ, ಯಾರು ಸತ್ತಿದ್ದು ಅಂತ ಕೇಳೋ ಬದಲು ಯಾರು ಕರೆದಿದ್ದು ಅಂತ ಕೇಳಿ. ಸಮುದಾಯ ಅಂದ್ಮೇಲೆ ಒಪ್ಪಂದ ಇರತ್ತೆ, ಸಾಲ ಇರತ್ತೆ, ಸೇಡು ಇರತ್ತೆ. ದಬ್ಬೆ ಥರದ ಕಥೆಗಳಲ್ಲಿ ಜಿನ್ ಸುಮ್ಸುಮ್ನೆ ಮನೆಗೆ ನುಗ್ಗಲ್ಲ, ಯಾರೋ ದುಡ್ಡಿಗೋ ಹೊಟ್ಟೆಕಿಚ್ಚಿಗೋ ಬಾಗಿಲು ತೆಗೆದಿರ್ತಾರೆ, ಆ ಯಾರೋ ಬಹಳ ಸಲ ಆ ಮನೇಲೇ ಕೂತು ಟೀ ಕುಡೀತಾ ಇರ್ತಾರೆ. ಕುರ್‌ಆನಿನ 113ನೇ ಸೂರಾ ಅಲ್ ಫಲಕ್‌ನಲ್ಲಿ ರಕ್ಷಣೆ ಕೇಳೋದು ಯಾವುದರಿಂದ ಅಂದ್ರೆ ಕವಿಯೋ ಕತ್ತಲಿನ ಕೆಡುಕಿಂದ, ಗಂಟುಗಳಿಗೆ ಊದೋರ ಕೆಡುಕಿಂದ, ಅಸೂಯೆ ಪಡೋನು ಅಸೂಯೆ ಪಟ್ಟಾಗಿನ ಕೆಡುಕಿಂದ. ಕತ್ತಲು, ಮಾಟದ ಗಂಟು, ಹೊಟ್ಟೆಕಿಚ್ಚು. ಟರ್ಕಿಯ ಜಿನ್ ಸಿನಿಮಾಗಳಲ್ಲಿ ಹೆಚ್ಚಿನವು ಓಡೋದು ಈ ಮೂರರ ಮೇಲೇನೇ. ಆದ್ರಿಂದ ಮೊದಲ ಅರ್ಧ ಗಂಟೇಲಿ ಸಂಬಂಧಿಕರು ಊಟಕ್ಕೆ ಕೂತ ಸೀನ್ ಬಂದ್ರೆ ಫಾರ್ವರ್ಡ್ ಮಾಡ್ಬೇಡಿ, ಯಾರು ಯಾರನ್ನ ಹೇಗೆ ನೋಡ್ತಾರೆ, ಯಾರ ಮದ್ವೆ ನಿಂತಿತ್ತು, ಯಾರ ಕೈಗೆ ಆಸ್ತಿ ಬಂತು, ಇವನ್ನೆಲ್ಲ ನೆನಪಲ್ಲಿ ಇಟ್ಕೊಳ್ಳಿ.

ಇನ್ನೊಂದು ನಿಯಮ, ನನಗೆ ಇದು ಎಲ್ಲಕ್ಕಿಂತ ಇಷ್ಟ. ಜಿನ್‌ಗಳಿಗೆ ಗೈಬ್, ಅಂದ್ರೆ ಕಣ್ಣಿಗೆ ಕಾಣದ ಮುಂದಿನ ಸಂಗತಿ, ಗೊತ್ತಿಲ್ಲ. ಪ್ರವಾದಿ ಸುಲೈಮಾನರ ಕೆಳಗೆ ಜಿನ್‌ಗಳು ಕೆಲಸ ಮಾಡ್ತಾ ಇದ್ವು, ಸುಲೈಮಾನರು ಕೋಲಿಗೆ ಒರಗಿ ನಿಂತಿದ್ದ ಹಾಗೇ ತೀರಿಹೋದ್ರು, ಜಿನ್‌ಗಳಿಗೆ ಅದು ಗೊತ್ತೇ ಆಗ್ಲಿಲ್ಲ, ಗೆದ್ದಲು ಆ ಕೋಲನ್ನ ತಿಂದು ದೇಹ ಬಿದ್ದ ಮೇಲೇನೇ ತಿಳಿದಿದ್ದು, ಗೈಬ್ ಗೊತ್ತಿದ್ದಿದ್ರೆ ಆ ಕಷ್ಟದ ದುಡಿಮೇಲಿ ಅವು ಇರ್ತಾನೇ ಇರ್ಲಿಲ್ಲ ಅಂತ 34ನೇ ಸೂರಾದಲ್ಲಿ ಬರತ್ತೆ. ಹಾಗಾಗಿ ಸಿನಿಮಾದಲ್ಲಿ ಯಾರಾದ್ರೂ ಮೈಮೇಲೆ ಬಂದ ಜಿನ್ ಹತ್ರ ಮುಂದೆ ಏನಾಗತ್ತೆ, ಮಾಟ ಮಾಡಿಸಿದ್ದು ಯಾರು ಅಂತ ಪ್ರಶ್ನೆ ಕೇಳಿ ಅದು ಉತ್ತರ ಕೊಟ್ಟಾಗ ಒಂದು ಕ್ಷಣ ನಿಲ್ಲಿ, ಅದು ಸುಳ್ಳು ಹೇಳ್ತಾ ಇರಬಹುದು. ಜಾತ್ರೇಲಿ ಮೈಮೇಲೆ ಬಂದ ದೈವದ ಮಾತು ನಿಜ ಅಂತ ಕೇಳಿ ಬೆಳೆದ ನಮಗೆ ಇದು ತಟ್ಟಂತ ಹೊಳೆಯಲ್ಲ. 2013ರ ಸಿನಿಮಾ ಇದೇ ಜಾಗದಲ್ಲಿ ಆಟ ಆಡತ್ತೆ, ಇದಕ್ಕಿಂತ ಹೆಚ್ಚು ಹೇಳಿದ್ರೆ ಕಥೆ ಬಿಟ್ಟುಕೊಟ್ಟ ಹಾಗಾಗತ್ತೆ.

ಸಣ್ಣ ಪುಟ್ಟ ರೂಢಿಗಳು ಸುಮಾರಿವೆ. ಟರ್ಕಿಯಲ್ಲಿ ಜಿನ್ ಹೆಸರನ್ನ ಬಾಯಲ್ಲಿ ಹೇಳೋಕೆ ಹೆದರ್ತಾರೆ, ಬದಲಿಗೆ ಊಚ್ ಹರ್ಫ್‌ಲಿಲರ್ ಅಂತಾರೆ, ಮೂರಕ್ಷರದೋರು ಅಂತ ಅರ್ಥ, ಸಬ್‌ಟೈಟಲಲ್ಲಿ ಮೂರಕ್ಷರ ಅಂತ ಬಂದ್ರೆ ಗಲಿಬಿಲಿ ಆಗ್ಬೇಡಿ. ನೆಲಕ್ಕೆ ಬಿಸಿನೀರು ಚೆಲ್ಲೋವಾಗ, ಕತ್ತಲಲ್ಲಿ ಬಯಲಿಗೆ ಹೋಗೋವಾಗ ದೆಸ್ತೂರ್ ಅಂತಲೋ ಬಿಸ್ಮಿಲ್ಲಾ ಅಂತಲೋ ಹೇಳಿ ದಾರಿ ಕೇಳ್ತಾರೆ, ಅಲ್ಲಿ ಕೂತಿರೋ ಜಿನ್ ಮಗುಗೋ ತಾಯಿಗೋ ತಾಗಿಬಿಟ್ರೆ ಅವು ಬಿಡಲ್ಲ ಅಂತ. ಹಮಾಮು (ಸ್ನಾನದ ಮನೆ), ಪಾಳು ಕಟ್ಟಡ, ಸ್ಮಶಾನ, ಕಸ ಹಾಕೋ ಜಾಗ ಇವೆಲ್ಲ ಅವುಗಳ ಠಿಕಾಣಿ. ಬಾಣಂತಿ ಮತ್ತು ಹಸುಗೂಸಿನ ಮೇಲೆ ಎರಗೋ ಅಲ್ ಕರಿಸಿ ಅನ್ನೋಳು ಬೇರೆ ಇದ್ದಾಳೆ, ಅವಳ ಕಥೆ ಇಸ್ಲಾಂ ಬರೋಕೆ ಮುಂಚಿನ ತುರ್ಕಿ ಜನಾಂಗಗಳ ಕಾಲದ್ದು, ಹಳ್ಳಿಗಳಲ್ಲಿ ಎರಡೂ ಬೆರೆತುಹೋಗಿದೆ. ಸೂರ್ಯ ಮುಳುಗೋ ಹೊತ್ತಲ್ಲಿ ಮಕ್ಕಳನ್ನ ಮನೆಯೊಳಗೆ ಇಟ್ಕೊಳ್ಳಿ, ಆ ಹೊತ್ತಲ್ಲಿ ಶೈತಾನರು ಹರಡ್ತಾರೆ ಅಂತ ಹದೀಸಲ್ಲೇ, ಅಂದ್ರೆ ಪ್ರವಾದಿ ಮಾತುಗಳ ಸಂಗ್ರಹದಲ್ಲೇ, ಇದೆ. ಮೂರ್ಸಂಜೆ ಹೊತ್ತಲ್ಲಿ ಹೊಸ್ತಿಲ ಮೇಲೆ ಕೂರಬೇಡ ಅಂತ ಬೈಸ್ಕೊಂಡು ಬೆಳೆದ ನಮಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಹೊಜಾ ವಿಷ್ಯ. ಜಿನ್ ಬಿಡಿಸೋಕೆ ಬರೋನನ್ನ ಜಿನ್‌ಜಿ ಹೊಜಾ ಅಂತಾರೆ. ಅವನನ್ನ ಹಾಲಿವುಡ್ ಸಿನಿಮಾದ ಪಾದ್ರಿ ಅಂದ್ಕೊಂಡು ನೋಡಿದ್ರೆ ಅರ್ಧ ಕಥೆ ತಪ್ಪಿಹೋಗತ್ತೆ. ಪಾದ್ರಿಗೆ ಹಿಂದೆ ಚರ್ಚ್ ಇರತ್ತೆ, ಪರ್ಮಿಷನ್ ಇರತ್ತೆ. ಹೊಜಾಗೆ ಅದ್ಯಾವುದೂ ಇಲ್ಲ, ಅಷ್ಟೇ ಅಲ್ಲ, ಅವನು ಮಾಡೋ ಕೆಲಸ ಕಾನೂನಿಗೇ ವಿರುದ್ಧ. ಟರ್ಕಿ ಗಣರಾಜ್ಯ ಆದ ಮೇಲೆ 1925ರ ನವೆಂಬರ್‌ನಲ್ಲಿ 677ನೇ ನಂಬರಿನ ಕಾನೂನು ತಂದ್ರು, ಸೂಫಿ ಮಠಗಳನ್ನ ಮುಚ್ಚಿಸಿದ್ದು ಅದೇ ಕಾನೂನು, ಅದರ ಜೊತೆಗೆ ಭವಿಷ್ಯ ಹೇಳೋದು, ಮಾಟ ಮಾಡೋದು, ಮಂತ್ರಿಸಿ ಊದೋದು, ತಾಯತ ಬರೆದುಕೊಡೋದು ಇವನ್ನೂ ನಿಷೇಧ ಮಾಡಿದ್ರು. ಆ ಕಾನೂನು ಈಗ್ಲೂ ಇದೆ. ಆದ್ರೂ ಜನ ಹೋಗ್ತಾರೆ, ಹಿಂಬಾಗಿಲಿಂದ, ಪಕ್ಕದ ಮನೆಯವರಿಗೆ ಗೊತ್ತಾಗದ ಹಾಗೆ. ಈಗ ಯೋಚ್ನೆ ಮಾಡಿ, ಅಂಥ ಕೋಣೆಗೆ ಒಂದು ಕ್ಯಾಮೆರಾ ತಂದಿಟ್ರೆ ಏನಾಗತ್ತೆ? ಅಲ್ಲಿರೋ ಎಲ್ಲರೂ ಏನೋ ಒಂದನ್ನ ಮುಚ್ಚಿಡ್ತಾ ಇರ್ತಾರೆ, ಹೊಜಾ ತನ್ನ ಕೆಲಸ ಮುಚ್ಚಿಡ್ತಾನೆ, ಮನೆಯವರು ಹಳೇ ಪಾಪ ಮುಚ್ಚಿಡ್ತಾರೆ, ಹಳ್ಳಿಯವರು ಬಾಯೇ ಬಿಡಲ್ಲ. ಫೌಂಡ್ ಫುಟೇಜ್ ಅನ್ನೋದು ಟರ್ಕಿ ಜಿನ್ ಕಥೆಗೆ ಇಷ್ಟು ಚೆನ್ನಾಗಿ ಹೊಂದ್ಕೊಂಡಿದ್ದಕ್ಕೆ ಕಡಿಮೆ ಬಜೆಟ್ ಒಂದು ಕಾರಣ ಇರಬಹುದು, ನನಗೆ ಮುಖ್ಯ ಅನ್ಸೋದು ಮಾತ್ರ ಈ ಗುಟ್ಟು.

ಜಿನ್ ಚಾರ್ಪ್‌ಮಸಿಯಲ್ಲಿ ಇದನ್ನ ಚೆನ್ನಾಗಿ ಬಳಸಿದ್ದಾರೆ. ಎಬ್ರು ಅನ್ನೋ ಮನೋವೈದ್ಯೆ, ಫಾರೂಕ್ ಅನ್ನೋ ಹೊಜಾ, ಇವರಿಬ್ಬರೂ ಎಬ್ರುವಿನ ಬಾಲ್ಯದ ಗೆಳತಿ ಕುಬ್ರಾಳ ಮನೆಗೆ ಹೋಗ್ತಾರೆ. ಎಬ್ರುಗೆ ಇದೆಲ್ಲ ಕಾಯಿಲೆ ಅಂತ ತೋರಿಸಬೇಕು, ಫಾರೂಕ್‌ಗೆ ಇದು ಜಿನ್ ಅಂತ ತೋರಿಸಬೇಕು, ಹಾಗಾಗಿ ಕ್ಯಾಮೆರಾ ಯಾಕೆ ಓಡ್ತಾ ಇದೆ ಅನ್ನೋ ಪ್ರಶ್ನೆಗೆ ಕಥೆಯಲ್ಲೇ ಉತ್ತರ ಇದೆ. ಈ ಥರದ ಬಹಳ ಸಿನಿಮಾಗಳು ಸೋಲೋದು ಇಲ್ಲೇ, ಜೀವ ಹೋಗ್ತಿರೋವಾಗ ಯಾಕಪ್ಪ ಶೂಟ್ ಮಾಡ್ತಿದ್ದೀಯ ಅಂತ ನೋಡೋರಿಗೆ ಅನ್ಸಿಬಿಡತ್ತೆ. ಇಲ್ಲಿ ಇಬ್ಬರಿಗೂ ಸಾಕ್ಷಿ ಬೇಕು, ಅದಕ್ಕೆ ಯಾರೂ ಕ್ಯಾಮೆರಾ ಆಫ್ ಮಾಡಲ್ಲ.

ಹೊಜಾ ಏನು ಮಾಡ್ತಾನೆ ಅನ್ನೋದು ಗೊತ್ತಿದ್ರೆ ಸೀನ್‌ಗಳು ಇನ್ನೂ ಬಿಗಿಯಾಗ್ತವೆ. ಕಾಗದದಲ್ಲಿ ಆಯತ್ (ಕುರ್‌ಆನಿನ ವಾಕ್ಯ) ಬರೆದು ತ್ರಿಕೋನಾಕಾರದಲ್ಲಿ ಮಡಚಿ ಚರ್ಮದಲ್ಲೋ ಮೇಣದ ಬಟ್ಟೆಲೋ ಹೊಲಿದಿದ್ದು ಮುಸ್ಕಾ, ನಮ್ಮ ತಾಯತ ಇದ್ದ ಹಾಗೆ. ಅದೇ ಆಕಾರದಲ್ಲಿ ಕೆಟ್ಟದ್ದೂ ಬರೆಯಬಹುದು, ಹಾಗಾಗಿ ಮನೇಲಿ ಮುಸ್ಕಾ ಸಿಕ್ಕಿದ ತಕ್ಷಣ ರಕ್ಷಣೆ ಅಂದ್ಕೋಬೇಡಿ, ಅದನ್ನ ಬಿಚ್ಚಿ ಓದೋವರೆಗೂ ಏನೂ ಹೇಳೋಕಾಗಲ್ಲ. ಕುರ್ಶುನ್ ದೋಕ್‌ಮೆ ಅಂತ ಇನ್ನೊಂದು, ದೃಷ್ಟಿ ತಾಗಿದವರ ತಲೆ ಮೇಲೆ ಬಟ್ಟೆ ಹಿಡಿದು, ಅದರ ಮೇಲೆ ತಣ್ಣೀರಿನ ಪಾತ್ರೆ ಹಿಡಿದು, ಕರಗಿದ ಸೀಸ ಸುರೀತಾರೆ, ಚುಯ್ ಅಂತ ಗಟ್ಟಿಯಾದ ಆಕಾರ ನೋಡಿ ಯಾರ ಕಣ್ಣು ಅಂತ ಹೇಳ್ತಾರೆ. ನಮ್ಮಲ್ಲಿ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕೋದನ್ನ ನೋಡಿದವರು ಅಲ್ಲಿ ಅಜ್ಜಿ ಸೀಸ ಕಾಯಿಸ್ತಿರೋದು ಕಂಡ ತಕ್ಷಣ ಅರ್ಥ ಮಾಡ್ಕೊಳ್ತಾರೆ. ಓದೋದರಲ್ಲಿ ಆಯತುಲ್ ಕುರ್ಸಿ, ಅಂದ್ರೆ ಎರಡನೇ ಸೂರಾದ 255ನೇ ಆಯತ್, ಮತ್ತೆ ಕೊನೇ ಎರಡು ಸೂರಾಗಳು ಹೆಚ್ಚಾಗಿ ಕೇಳ್ತವೆ. ಅದು ನಡುವೆ ನಿಂತುಹೋದ್ರೆ ಏನೋ ಕೆಟ್ಟಿದೆ ಅಂತ ಲೆಕ್ಕ. ಇದನ್ನ ಗುರುತಿಸೋಕೆ ಬಂದ್ರೆ ಸಿನಿಮಾದ ಸೌಂಡ್ ಎಫೆಕ್ಟ್ ಬರೋಕೆ ಮುಂಚೇನೇ ನಿಮಗೆ ಗೊತ್ತಾಗಿರತ್ತೆ.

ಫ್ರೇಮ್ ನೋಡೋ ಬಗ್ಗೆ ಸ್ವಲ್ಪ. ಮೂಲೇಲಿ ಸ್ಟ್ಯಾಂಡ್ ಹಾಕಿ ಇಟ್ಟ ಕ್ಯಾಮೆರಾದ ಶಾಟ್ ಬಂದ್ರೆ ಮಾತಾಡ್ತಿರೋರನ್ನ ಬಿಟ್ಟು ಬಾಗಿಲು, ಕನ್ನಡಿ, ಮಂಚದ ಕೆಳಗಿನ ಕತ್ತಲು ಇವುಗಳ ಮೇಲೆ ಕಣ್ಣಿಡಿ. ಕೈಯಲ್ಲಿ ಹಿಡಿದ ಶಾಟ್ ಬಂದ್ರೆ ಉಲ್ಟಾ ಮಾಡಿ, ಈಗ ಕ್ಯಾಮೆರಾ ಯಾರ ಕೈಲಿದೆ, ಅವರು ಯಾವ ಕಡೆ ತಿರುಗಿಸ್ತಾ ಇಲ್ಲ ಅನ್ನೋದನ್ನ ಗಮನಿಸಿ. ನೋಡಬಾರದ್ದನ್ನ ಕಂಡವರು ಕ್ಯಾಮೆರಾನ ನೆಲದ ಕಡೆ ಇಳಿಸ್ತಾರೆ, ಆಗ ಬರೀ ಕಾಲುಗಳು ಕಾಣ್ತವೆ. ಜಿನ್ ಮನುಷ್ಯ ರೂಪ ತಾಳಿದ್ರೂ ಪಾದ ಮಾತ್ರ ಹಿಂದುಮುಂದಾಗಿರತ್ತೆ ಅನ್ನೋ ನಂಬಿಕೆ ಟರ್ಕಿಯಲ್ಲಿದೆ, ಹಾಗಾಗಿ ಆ ಶಾಟ್‌ಗಳಲ್ಲಿ ಕಾಲು ನೋಡೋದು ಬಿಡಬೇಡಿ. ಎಲ್ಲಕ್ಕಿಂತ ಮುಖ್ಯ ಮೊಬೈಲಲ್ಲಿ ನೋಡ್ಬೇಡಿ, ನೈಟ್ ಮೋಡ್ ಶಾಟ್‌ಗಳಲ್ಲಿ ಕತ್ತಲ ಒಳಗೆ ಇರೋ ಕತ್ತಲು ಅಷ್ಟು ಚಿಕ್ಕ ಸ್ಕ್ರೀನಲ್ಲಿ ಕಾಣೋದೇ ಇಲ್ಲ. ಲೈಟ್ ಆರಿಸಿ, ಟೀವಿನೋ ಲ್ಯಾಪ್‌ಟಾಪೋ ಹಾಕ್ಕೊಳ್ಳಿ. ಸೌಂಡ್ ಮಾತ್ರ ಮಧ್ಯಮ ಇರಲಿ, ಕರಾಜದಾ ಸಿನಿಮಾಗಳಲ್ಲಿ ಇದ್ದಕ್ಕಿದ್ದ ಹಾಗೆ ಕಿವಿಗೆ ಬಡಿಯೋ ಸದ್ದು ಜಾಸ್ತಿ, ಹೆಡ್‌ಫೋನಲ್ಲಿ ಫುಲ್ ಇಟ್ರೆ ಹೆದರಿಕೆ ಹೋಗಿ ತಲೆನೋವು ಉಳಿಯತ್ತೆ.

ಶುರುವಲ್ಲಿ ಇದು ನಿಜವಾಗಿ ನಡೆದದ್ದು ಅಂತ ಕಾರ್ಡ್ ಬಂದ್ರೆ ಅದನ್ನ ಆಟದ ನಿಯಮ ಅಂತ ತಗೊಳ್ಳಿ, 2013ರ ಸಿನಿಮಾದಲ್ಲಿ ಬರೋ ಕಿಬ್ಲೆದೆರೆ ಹಳ್ಳಿನ ಮ್ಯಾಪಲ್ಲಿ ಹುಡುಕ್ತಾ ಸಿನಿಮಾ ಅರ್ಧಕ್ಕೆ ನಿಲ್ಲಿಸಬೇಡಿ.

ಕೊರತೆಗಳೂ ಇವೆ, ಅದನ್ನೂ ಹೇಳ್ಬೇಕು. 2013ರದ್ದು ಎರಡು ಗಂಟೆಗಿಂತ ಉದ್ದ, ಒಂದಿಪ್ಪತ್ತು ನಿಮಿಷ ಆರಾಮಾಗಿ ಕತ್ತರಿಸಬಹುದಿತ್ತು. ಕೆಲವು ಕಡೆ ಗ್ರಾಫಿಕ್ಸ್ ತುಂಬಾ ಪೇಲವ, ಕಾಣಿಸದೇ ಇದ್ದಾಗ ಹೆದರಿಸಿದ್ದು ಕಾಣಿಸಿಕೊಂಡ ಮೇಲೆ ಹೆದರಿಸಲ್ಲ. ನನಗೆ ನಿಜವಾಗ್ಲೂ ನೋವಾಗೋದು ಇನ್ನೊಂದು ವಿಷ್ಯಕ್ಕೆ, ಈ ಸಿನಿಮಾಗಳಲ್ಲಿ ಮೈಮೇಲೆ ಬರೋದು ಹೆಚ್ಚುಕಮ್ಮಿ ಯಾವಾಗ್ಲೂ ಹೆಣ್ಣಿನ ಮೇಲೆ, ಕಟ್ಟಿಹಾಕೋದು ಹೆಣ್ಣನ್ನ, ಹೊಡೆಯೋದು ಹೆಣ್ಣಿಗೆ. ಎಬ್ರು ಥರದ ಡಾಕ್ಟರ್ ಪಾತ್ರ ಇಟ್ಟು ಕೊನೆಗೆ ವಿಜ್ಞಾನಕ್ಕೆ ಏನೂ ಗೊತ್ತಿಲ್ಲ ಅನ್ನೋ ಕಡೆ ಕಥೆ ವಾಲತ್ತೆ. ಪರದೆ ಮೇಲೆ ಅದು ಕಥೆಗೆ ಬೇಕಾದ ತಿರುವು, ಆದ್ರೆ ನಿಮ್ಮ ಮನೇಲೋ ಪರಿಚಯದವರಲ್ಲೋ ಯಾರಿಗಾದ್ರೂ ನಿದ್ದೆ ಇಲ್ಲ, ದನಿ ಕೇಳತ್ತೆ, ಯಾರೋ ಹಿಂಬಾಲಿಸ್ತಾರೆ ಅನ್ನೋ ತೊಂದ್ರೆ ಇದ್ರೆ ಮೊದಲು ಮನೋವೈದ್ಯರ ಹತ್ರ ಕರ್ಕೊಂಡು ಹೋಗಿ, ಅಂಥವರ ಜೊತೆ ಕೂತು ಈ ಸಿನಿಮಾ ದಯವಿಟ್ಟು ನೋಡ್ಬೇಡಿ.

ಹಾಗೇನೇ ಇದನ್ನ ನೋಡಿ ಮುಸ್ಲಿಮರೆಲ್ಲ ಹೀಗೆ ಅಂತ ತೀರ್ಮಾನಕ್ಕೂ ಬರಬೇಡಿ. ಜಿನ್ ಇದೆ ಅಂತ ನಂಬೋರಲ್ಲೂ ಮಾಟ ಮಾಡಿಸೋದು ದೊಡ್ಡ ಪಾಪ, ಹೊಜಾ ಹತ್ರ ಹೋಗೋದು ಸರಿಯಲ್ಲ ಅನ್ನೋರೇ ಬಹಳ. ಭಟ್ಕಳದಲ್ಲೋ ಮಂಗಳೂರಲ್ಲೋ ಶಿವಾಜಿನಗರದಲ್ಲೋ ಮುಸ್ಲಿಂ ಗೆಳೆಯರಿದ್ರೆ ಜೊತೆಲಿ ಕೂತು ನೋಡಿ, ಯಾವುದು ಧರ್ಮಗ್ರಂಥದ್ದು, ಯಾವುದು ಊರ ಕಥೆ, ಯಾವುದು ಸ್ಕ್ರಿಪ್ಟ್ ಬರೆದೋನು ಸೇರಿಸಿದ್ದು ಅಂತ ಅವರು ಬಿಡಿಸಿ ಹೇಳಿದಷ್ಟು ಚೆನ್ನಾಗಿ ಯಾವ ವಿಡಿಯೋನೂ ಹೇಳಲ್ಲ. ಬೇರೆಯವರು ಪ್ರಾರ್ಥನೇಲಿ ಓದೋ ಸಾಲುಗಳು ಇಲ್ಲಿ ಹೆದರಿಸೋಕೆ ಬಳಕೆ ಆಗಿವೆ, ಅವನ್ನ ರಿಂಗ್‌ಟೋನ್ ಮಾಡೋದು, ಪ್ರಾಂಕ್ ವಿಡಿಯೋಗೆ ಹಾಕೋದು ಬೇಡ.

2013ರದ್ದು ಇಷ್ಟ ಆದ್ರೆ ಮುಂದೆ 2012ರದ್ದು ನೋಡಿ, ಒಂದು ಮನೆ, ರಾತ್ರಿಯೆಲ್ಲ ಓಡೋ ಕ್ಯಾಮೆರಾ, ಹೆಚ್ಚು ಸಾವಧಾನದ್ದು. ಅದಾದ ಮೇಲೆ ಫುಟೇಜ್ ಸ್ಟೈಲ್ ಬಿಟ್ಟು ಆಲ್ಪರ್ ಮೆಸ್ತ್‌ಚಿಯ ಎರಡು ಸಿನಿಮಾಗೆ ಹೋಗಿ, 2007ರ ಮುಸಲ್ಲತ್ ಮತ್ತೆ 2014ರ ಸಿಜ್ಜಿನ್. ಮಾಟ ಮಾಡಿಸಿದವರಿಗೇ ಅದು ಹೇಗೆ ತಿರುಗತ್ತೆ ಅನ್ನೋದು ಸಿಜ್ಜಿನ್‌ನಲ್ಲಿ ಇನ್ನೂ ಕ್ರೂರವಾಗಿದೆ. ಇದೆಲ್ಲ ಎಲ್ಲಿಂದ ಬಂತು ಅಂತ ಕುತೂಹಲ ಇದ್ರೆ 1974ರಲ್ಲಿ ಮೆತಿನ್ ಎರ್ಕ್ಸಾನ್ ಮಾಡಿದ ಶೆಯ್ತಾನ್ ಇದೆ, ದಿ ಎಕ್ಸಾರ್ಸಿಸ್ಟ್‌ನ ಸೀನ್ ಸೀನೂ ಎತ್ತಿಕೊಂಡು ಶಿಲುಬೆ, ಪಾದ್ರಿ ಎಲ್ಲ ತೆಗೆದು ಇಸ್ಲಾಮಿಗೆ ಒಗ್ಗಿಸಿದ್ದು. ಅದನ್ನ ಒಂದು ಸಲ ನೋಡಿದ್ರೆ ಎರವಲು ತಂದ ಭಯ ಯಾವುದು, ಅಲ್ಲೇ ಹುಟ್ಟಿದ ಭಯ ಯಾವುದು ಅನ್ನೋದು ಗೊತ್ತಾಗತ್ತೆ. ಟರ್ಕಿ ಬಿಟ್ಟು ಆಚೆ ಹೋಗೋದಾದ್ರೆ ಇಂಡೋನೇಷ್ಯಾದ ಮೋಂತಿ ತಿವಾ 2009ರಲ್ಲಿ ಮಾಡಿದ ಕೆರಾಮತ್ ಹುಡುಕಿ, ಸಿನಿಮಾ ತಂಡವೊಂದು ಯೋಗ್ಯಕರ್ತಾ ಕಡೆ ಹೋಗಿ ಸಿಕ್ಕಿಹಾಕಿಕೊಳ್ಳೋ ಫುಟೇಜ್, ಅಲ್ಲಿ ಜಾವಾ ದ್ವೀಪದ ಹಳೇ ನಂಬಿಕೆಗಳದ್ದೇ ಮೇಲುಗೈ, ಹಾಗಾಗಿ ಮೇಲೆ ಹೇಳಿದ ನಿಯಮಗಳಲ್ಲಿ ಅರ್ಧದಷ್ಟು ಅಲ್ಲಿ ಕೆಲಸ ಮಾಡಲ್ಲ.